ಗೇಣುದ್ದದ ಪೈಪು

ನಾನು ಹೆಬ್ಬೆರಳು ಅಡ್ಡ ಇಟ್ಟರೆ ತುಂಬಿದ ಹೊಳೆಯೂ ನಿಲ್ಲುತ್ತದೆ. ಅಂಥ ಪ್ಲಂಬರ್ ನಾನು. ಒಂದು ಮಧ್ಯಾಹ್ನ ತಂಗಿಯ ಮನೆಯಲ್ಲಿ ನೀರಿನ ರಭಸಕ್ಕೆ ಮಗುವಿನ ತೊಟ್ಟಿಲ ಪಕ್ಕದ ಗೋಡೆಯೊಳಗಿನ ಪೈಪು ಧಡಧಡ ಗುದ್ದತೊಡಗಿತ್ತು. ಬೀದಿಯ ವಾಲ್ವ್ ಮುಚ್ಚಿದೆ. ಆದರೆ ನೀರಿನ ಒತ್ತಡ ನೋಡಲು ನಾನು ನಲ್ಲಿಗೆ ಸಿಕ್ಕಿಸಿದ್ದ ಪ್ರೆಶರ್ ಗೇಜಿನ ಮುಳ್ಳು ಇಳಿಯುವ ಬದಲು ಏರಿತು. ಪೈಪನ್ನೇ ಗೇಣುದ್ದ ಕತ್ತರಿಸಿ ತೆಗೆದೆ. ಒಂದು ಹನಿಯೂ ಬೀಳಲಿಲ್ಲ. ಮುಳ್ಳು ಮಾತ್ರ ಇನ್ನೂ ಏರಿತು.

"ಕಮ್ಮಿ ಮಾಡು ಅಂದ್ರೆ ಜಾಸ್ತಿ ಮಾಡ್ತಿದ್ದೀಯಲ್ಲೋ ಅಣ್ಣಾ! ಗೋಡೆ ಬಿರುಕು ಬಿಡ್ತಿದೆ!"

"ಮೊದ್ಲು ಮಗೂನ ಎತ್ಕೊಂಡು ಹೊರಗೆ ಬಾರೇ!"

ಅವಳು ಹೊಸ್ತಿಲು ದಾಟಿದ್ದೇ ತಡ, ಸದ್ದು ನಿಂತಿತು. ಅವಳು ಮತ್ತೆ ಆ ಮನೆಗೆ ಕಾಲಿಡಲಿಲ್ಲ.

ಕತ್ತರಿಸಿದ ತುಂಡು ನನ್ನ ಅಂಗಡಿಯಲ್ಲಿದೆ. ಎರಡೂ ತುದಿ ತೆರೆದಿವೆ, ಒಳಗೆ ಖಾಲಿ. ಆದರೂ ತುದಿಗೆ ಹೆಬ್ಬೆರಳಿಟ್ಟರೆ, ಒಳಗಿನಿಂದ ಇನ್ನೊಂದು ಹೆಬ್ಬೆರಳು ತಣ್ಣಗೆ ಒತ್ತುತ್ತದೆ. ನನ್ನದಕ್ಕಿಂತ ಚಿಕ್ಕದು, ಆದರೆ ಪ್ರತಿ ಸಲವೂ ಹಿಂದೆ ಸರಿಯುವುದು ನನ್ನದೇ.