ಕೊನೆಯ ಖಾನೆ

೨೦೨೪ರ ಜುಲೈ ೯, ಮಂಗಳವಾರ, ಸಂಜೆ ಆರು ಗಂಟೆ ಹತ್ತು ನಿಮಿಷ. ಉಣಕಲ್‌ನಲ್ಲಿ ಗುರುಬಸವನ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದ ಉಮಾಶ್ರೀ ಅಲ್ಲೇ ನಿಂತುಬಿಟ್ಟಳು.

ಗುರುಬಸವ ಲ್ಯಾಬುಗಳ ಮೈಕ್ರೊಸ್ಕೋಪು, ತಕ್ಕಡಿ ರಿಪೇರಿ ಮಾಡುವವನು. ಒಳಗೆ ಫೋನಿನಲ್ಲಿ ಜರ್ಮನಿಯ ಇಂಜಿನಿಯರನಿಗೆ, ಯಂತ್ರದ ಗಾಜಿನ ಕಿಟಕಿ ಒಡೆದಿದೆ ಎಂದು ಅವನದೇ ಭಾಷೆಯಲ್ಲಿ ತಡವರಿಸುತ್ತ ಹೇಳುತ್ತಿದ್ದ. 'ಫೆನ್‌ಸ್ಟರ್' ಎಂಬ ಪದವನ್ನು ಮೂರು ಸಲ ಅಂದ. ಅದಕ್ಕೆ ಮಾತ್ರ ತಡವರಿಸಲಿಲ್ಲ.

ಫೆನ್‌ಸ್ಟರ್ ಅಂದರೆ ಕಿಟಕಿ. ಕಳೆದ ಇಪ್ಪತ್ತಾರು ಸಂಜೆಗಳಿಂದ ಅವನಿಗೆ ಬಾರದಿದ್ದ ಪದ ಅದೊಂದೇ.

ಧಾರವಾಡದ ಭಾನುವಾರದ ಜರ್ಮನ್ ಕ್ಲಾಸಿನಲ್ಲಿ ಮೂವತ್ತು ದಾಟಿದವರು ಇವರಿಬ್ಬರೇ, ಹಾಗಾಗಿ ಅಭ್ಯಾಸಕ್ಕೆ ಜೋಡಿಯಾಗಿ ದಿನಾ ಸಂಜೆ ಅವನ ಅಂಗಡಿಯಲ್ಲಿ ಕೂರತೊಡಗಿದರು. ಅವಳು ರಾಯಾಪುರದ ಮಣ್ಣು ಪರೀಕ್ಷೆಯ ಲ್ಯಾಬಿನವಳು, ಲೆಕ್ಕಾಚಾರದ ಹೆಣ್ಣು. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಬೆನ್ನಿಗೆ ಒಂದೊಂದು ಪದ ಬರೆದು, ಬೂಟಿನ ಡಬ್ಬಿಯಲ್ಲಿ ನಾಲ್ಕು ಖಾನೆ ಮಾಡಿದ್ದಳು. ಸರಿ ಹೇಳಿದ ಕಾರ್ಡು ಮುಂದಿನ ಖಾನೆಗೆ, ತಪ್ಪಿದ್ದು ಮೊದಲನೆಯದಕ್ಕೆ ವಾಪಸ್ಸು. ಮೊದಲನೆಯದನ್ನು ದಿನಾ ಕೇಳಬೇಕು; ಆಮೇಲೆ ಮೂರು ದಿನಕ್ಕೆ, ಏಳು ದಿನಕ್ಕೆ, ಕೊನೆಯದನ್ನು ಮೂವತ್ತು ದಿನಕ್ಕೆ. ಮರೆಯುವ ಹೊತ್ತಿಗೆ ಸರಿಯಾಗಿ ಕೇಳಿದರೆ ಪದ ತಲೆಯಲ್ಲಿ ಗಟ್ಟಿಯಾಗಿ ಕೂರುತ್ತದೆ.

ಈಗ ಉಳಿದ ಕಾರ್ಡುಗಳೆಲ್ಲ ಕೊನೆಯ ಖಾನೆಯಲ್ಲಿದ್ದವು. ಕಿಟಕಿಯೂ ಅಲ್ಲಿಗೆ ಸೇರಿದರೆ ತಿಂಗಳಿಗೊಮ್ಮೆ ಬಂದರೆ ಸಾಕು. ಹಾಗಾಗದಿರಲೆಂದು ಅವಳು ಬಯಸುತ್ತಿದ್ದುದು ಯಾರಿಗೂ ಗೊತ್ತಿರಲಿಲ್ಲ. ಅವನು ತಪ್ಪಿದಾಗಲೆಲ್ಲ ಮುಖದ ಮೇಲೆ ಬೇಸರ ತಂದುಕೊಳ್ಳುವುದೇ ಅವಳಿಗೆ ಕಷ್ಟವಾಗುತ್ತಿತ್ತು.

ಫೋನಿಟ್ಟು ತಿರುಗಿದವನ ಕಿವಿ ಕೆಂಪಾಯಿತು. "ಯಾವಾಗ ಬಂದ್ರಿ?"

"ಕಿಟಕಿ ಒಡದಾಗ."

ಉಮಾಶ್ರೀ ಕೂತು ಕಾರ್ಡು ಎತ್ತಿ ಹಿಡಿದಳು. "ಕಿಟಕಿಗೆ ಏನಂತಾರ್ರಿ?"

ಅವನು ಛಾವಣಿ ನೋಡಿದ, ಗಡ್ಡ ಕೆರೆದುಕೊಂಡ. "ನೆನಪಾಗವಲ್ದರಿ."

"ಖರೇ ಹೇಳ್ರಿ ಗುರುಬಸವ ಅವರ. ಇಪ್ಪತ್ತಾರು ಸಲ ತಪ್ಪು ಬರಕೊಂಡೇನಿ ನಾ. ಪೆನ್ಸಿಲ್ ಸವದದ."

"ನಿಮ್ಮ ಮನಿ ಎಲ್ಲೈತ್ರಿ?"

"ಧಾರವಾಡದಾಗ. ಮಾತು ಹಾರಸಬ್ಯಾಡ್ರಿ."

"ರಾಯಾಪುರದಿಂದ ಧಾರವಾಡಕ್ಕ ಹೋಗೂ ಬಸ್ ಬಿಟ್ಟು, ದಿನಾ ಉಲ್ಟಾ ಉಣಕಲ್‌ಗೆ ಬರ್ತೀರಿ. ಯಾಕ ಅಂತ ನಾ ಒಂದ ದಿನಾನೂ ಕೇಳೇನೇನು?"

ಅವಳು ಕಾರ್ಡಿನ ಇನ್ನೊಂದು ಬದಿ ನೋಡತೊಡಗಿದಳು. ಯಾರದೋ ಲಗ್ನದ ಅರ್ಧ ಮುಹೂರ್ತ ಅಲ್ಲಿ ಅಚ್ಚಾಗಿತ್ತು.

ಗುರುಬಸವನ ದನಿ ತಗ್ಗಿತು. "ತಿಂಗಳಿಗೊಮ್ಮೆ ಬಂದ್ರ ನನಗ ಸಾಲಂಗಿಲ್ಲರಿ."

ಹೊರಗೆ ಬಸ್ಸೊಂದು ಹಾರ್ನ್ ಹೊಡೆದು ಹೋಯಿತು. ಅವಳು ಮುಖ ಎತ್ತಲಿಲ್ಲ. ನಗು ಮಾತ್ರ ತಡೆಯಲಾಗಲಿಲ್ಲ.

"ಕಿಟಕಿಗೆ ಏನಂತಾರ?"

"ಫೆನ್‌ಸ್ಟರ್."

"ಸರಿ ಅದ."

ಎರಡನೆಯ ಖಾನೆಗೆ ಹೋಗಬೇಕಾದ ಕಾರ್ಡನ್ನು ಅವಳು ನೇರವಾಗಿ ಕೊನೆಯದಕ್ಕೆ ಹಾಕಿದಳು. ಅವನ ಮುಖ ಸಣ್ಣದಾಯಿತು. ಅವಳು ಪೆನ್ನು ತೆಗೆದು, ಆ ಖಾನೆಯ ಚೀಟಿಯಲ್ಲಿದ್ದ ಮೂವತ್ತನ್ನು ಹೊಡೆದುಹಾಕಿ ಬೇರೆ ಅಂಕಿ ಬರೆದಳು.

"ದಿನಾ ಕೇಳಿದ್ರ ಪದ ಗಟ್ಟಿ ಆಗಂಗಿಲ್ಲ ಅಂದಿದ್ರಿ?"

"ಅದು ಪದಕ್ಕ ಹೇಳಿದ್ದು."

ಅವನು ಬಗ್ಗಿ ಚೀಟಿಯನ್ನು ಇನ್ನೊಮ್ಮೆ ಓದಿದ. ಅವಳ ದುಂಡಗಿನ ಅಕ್ಷರದಲ್ಲಿತ್ತು: ಕೊನೆಯ ಖಾನೆ, ಅವಧಿ ೧ ದಿನ.