ಸೊನ್ನೆ ಬರಬೇಕಾದ ಕಡೆ

ಇದು ನಡೆದದ್ದು ಹಾಡಹಗಲು ಹನ್ನೊಂದಕ್ಕೆ, ದೊಡ್ಡಬಳ್ಳಾಪುರದ ಹತ್ತಿರದ ಒಂದು ಪಾಲಿಟೆಕ್ನಿಕ್ಕಿನ ಲ್ಯಾಬ್ ಪರೀಕ್ಷೆಯಲ್ಲಿ. ಆಪ್-ಆಂಪ್ ಎಂಬ ಚಿಪ್ ತನ್ನ ಎರಡು ಕಾಲುಗಳಿಗೆ ಬಂದ ಸಿಗ್ನಲ್‌ಗಳ ವ್ಯತ್ಯಾಸವನ್ನಷ್ಟೇ ದೊಡ್ಡದು ಮಾಡುತ್ತದೆ. ಎರಡೂ ಒಂದೇ ಆದರೆ ಸೊನ್ನೆ. ಆ ಸೊನ್ನೆ ತೋರಿಸಿದರೆ ಮೂರನೇ ಸಲಕ್ಕಾದರೂ ನಾನು ಪಾಸು.

ಎರಡೂ ಕಾಲುಗಳನ್ನು ಒಂದೇ ತಂತಿಗೆ ಸೇರಿಸಿದೆ. ಔಟ್‌ಪುಟ್ಟಿಗೆ ಒಂದು ಮೀಟರ್, ಒಂದು ಸ್ಪೀಕರ್ ಜೋಡಿಸಿದ್ದೆ. ಸ್ಪೀಕರಿನಲ್ಲಿ ಯಾರೋ ನಿಧಾನವಾಗಿ ಉಸಿರಾಡಿದರು.

“ಮೈಕ್ ಕಿತ್ತಾಕೋ ಗುರು,” ಎಂದು ಪಕ್ಕದ ಟೇಬಲ್ಲಿನ ಪವಿತ್ರ ಪಿಸುಗುಟ್ಟಿದಳು.

“ಮೈಕೇ ಹಾಕಿಲ್ಲ ಕಣೇ.”

ಚಿಪ್ ಮುಟ್ಟಿದೆ. ಬಾವಿಯ ಕಲ್ಲಿನಷ್ಟು ತಣ್ಣಗಿತ್ತು. ನಾನು ಉಸಿರು ಬಿಗಿಹಿಡಿದೆ. ಸ್ಪೀಕರಿನಲ್ಲಿದ್ದವರೂ ಬಿಗಿಹಿಡಿದು ಕಾದರು; ನಾನು ಬಿಟ್ಟಾಗ ಅವರೂ ಬಿಟ್ಟರು.

ಪರೀಕ್ಷಕರಾದ ಮೂರ್ತಿ ಸರ್ ಬಂದು ಮೀಟರ್ ನೋಡಿದರು. “ಸೊನ್ನೆ ಬರ್ದೆ ಇನ್ನೇನ್ ಬರುತ್ತಪ್ಪಾ? ಪವರೇ ಆನ್ ಮಾಡಿಲ್ವಲ್ಲ!” ಎಂದು ನಕ್ಕು, ತಾವೇ ಸ್ವಿಚ್ ಒತ್ತಿದರು.

ಮೀಟರ್ ಸೊನ್ನೆಯಲ್ಲೇ ಉಳಿಯಿತು. ಸ್ಪೀಕರಿನ ಉಸಿರು ಮಾತ್ರ ನಿಂತಿತು. ನಾನು ಪಾಸಾದೆ.