ಬೆರಳು ಆಡತಾವಲ್ರಿ!

"ಬೆರಳು ಆಡತಾವಲ್ರಿ, ಮುರದಿರಂಗಿಲ್ಲ," ಎಂದ, ಹುಡುಗಿಯನ್ನು ಆಸ್ಪತ್ರೆಗೆ ಕರೆತಂದವನು.

ನನಗೆ ಸಿಟ್ಟು ನೆತ್ತಿಗೇರಿತು. ಆರು ವರ್ಷದ ಭಾಗ್ಯಾ ಬಿದ್ದು ಎರಡು ದಿನವಾಗಿತ್ತು. ಮಣಿಕಟ್ಟು ಊದಿಕೊಂಡು, ಕೈಯೆಲ್ಲ ಎಣ್ಣೆ ವಾಸನೆ.

"ತಿಕ್ಕಿದ್ಯಾರ್ರಿ? ಮಕ್ಕಳ ಎಲುಬು ಹಸೀ ಕಟಗಿ ಇದ್ದಂಗ, ಬಾಗಿ ಸೀಳತೈತಿ. ಬೆರಳು ಆಡಿದ್ರೂ ಮುರದಿರತೈತಿ. ಒತ್ತಿದಲ್ಲಿ ನೋವೈತೇನು ನೋಡಬೇಕು, ರಟ್ಟು ಇಟ್ಟು ಕಟ್ಟಿ ಲಗೂನ ಕರಕೊಂಡ ಬರಬೇಕು. ಎಂಥಾ ಅಪ್ಪ ಅದೀರಿ!"

"ಅಪ್ಪ ಅಲ್ರಿ, ಮಾಮಾ. ತಿಕ್ಕಿದಾಕಿ ನಮ್ಮವ್ವ. ನಂದಿನ್ನೂ ಮದುವಿನ ಆಗಿಲ್ಲ."

"ಅದನ್ನ ಯಾರ ಕೇಳಿದ್ರು?" ಎಂದೆ. ಕಿವಿ ಮಾತ್ರ ಬಿಸಿಯಾಗಿತ್ತು.

ಎಕ್ಸ್‌ರೇಯಲ್ಲಿ ಎಲುಬು ಸೀಳಿದ್ದು ಕಂಡಿತು. ಗೋಕಾಕದ ಆ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕುವ ನರ್ಸ್ ನಾನೇ. ಬೆರಳು ನೀಲಿಯಾದರೆ, ಜುಮುಗುಟ್ಟಿದರೆ ತಕ್ಷಣ ಬರಬೇಕೆಂದು ಹೇಳಿ ಕಳಿಸಿದೆ. ಅದೇ ತಪ್ಪಾಯಿತು ನೋಡಿ. ಕಲ್ಲೋಳಿಯ ತನ್ನ ಗ್ಯಾರೇಜು ಬಿಟ್ಟು ಆ ಮಾಮಾ, ಸ್ವಪ್ನಿಲ್, ಮತ್ತೆ ಮತ್ತೆ ಬಂದ.

"ನೀಲಿ ಆದಂಗ ಕಾಣತೈತ್ರಿ."

"ಗುಲಾಬಿ ಐತಿ. ನಿಮಗ ಕಣ್ಣಿನ ಡಾಕ್ಟರ್ ಬೇಕು."

"ಮಾಮಾನ ನನ್ನ ಜಗ್ಗಿ ಕರಕೊಂಡ ಬರತಾನ್ರಿ, ಸಿಸ್ಟರ್. ನನಗ ಸಾಲಿ ತಪ್ಪತೈತಿ," ಎಂದಳು ಭಾಗ್ಯಾ. ಅವನು ನನ್ನತ್ತ ಕಳ್ಳನೋಟ ಬೀರಿ ನೆಲ ನೋಡಿದ.

ಅಷ್ಟರಲ್ಲಿ ನನಗೆ ಹುಕ್ಕೇರಿಯ ಸಂಬಂಧ ಬಂತು. ಅಪ್ಪನಿಗೆ ಒಪ್ಪಿಗೆ. ನಾನು ಒಲ್ಲೆ ಎನ್ನಲು ಯಾರ ಹೆಸರು ಹೇಳಲಿ? ಬಾಯಿ ಬಿಡದವನದೇ? ಬ್ಯಾಂಡೇಜ್ ಸುತ್ತಿದರೆ ಸೊಟ್ಟಗಾಗುತ್ತಿತ್ತು. ಬೈಕಿನ ಸದ್ದು ಕೇಳಿದರೆ ಸಾಕು, ಕಿಟಕಿಗೆ ಓಡುತ್ತಿದ್ದೆ.

ಶನಿವಾರ ಪ್ಲಾಸ್ಟರ್ ತೆಗೆದೆ. ಸಣ್ಣಗಾದ ಕೈ ನೋಡಿ ಭಾಗ್ಯಾ ಅತ್ತಳು.

"ಅಳಬ್ಯಾಡ. ಉಗುರುಬೆಚ್ಚನ ನೀರಾಗ ಮುಷ್ಟಿ ಮಾಡು, ಬಿಡು. ಯಾರರ ತಿಕ್ಕಾಕ ಬಂದ್ರ ಓಡಿ ಹೋಗು."

"ಬರತೇನ್ರಿ," ಎಂದು ಸ್ವಪ್ನಿಲ್ ಎದ್ದ. ಇನ್ನು ಅವನು ಬರಲು ಕಾರಣವೇ ಇರಲಿಲ್ಲ.

"ನಾಳೆ ನನ್ನ ನೋಡಾಕ ಹುಕ್ಕೇರಿಯಿಂದ ಬರಾಕತ್ತಾರ," ಎಂದುಬಿಟ್ಟೆ.

ಬಾಗಿಲಲ್ಲಿ ನಿಂತ. "ಚಲೋ ಆತ್ರಿ," ಎಂದು ನಕ್ಕ.

ಕತ್ತರಿಯನ್ನು ಟ್ರೇಗೆ ಕುಕ್ಕಿದೆ. "ನಗ್ರಿ, ನಗ್ರಿ! ನಿಮಗೇನ ನೋವು?"

ತಿರುಗಿ ಬಂದ. "ನಗಾಕತ್ತೇನಂತ ಎಲ್ಲಾ ಸರಿ ಐತಿ ಅಂದ್ಕೊಂಡ್ರೇನು? ಬೆರಳು ಆಡಿದ್ರೂ ಮುರದಿರತೈತಿ ಅಂತ ನೀವ ಅಂದಿದ್ರಿ."

"ಎಲ್ಲಿ ಒತ್ತಿದ್ರ ನೋವು?"

"ಹುಕ್ಕೇರಿ ಅಂದ್ರಲ್ಲ, ಅಲ್ಲೇ."

ಅಳುತ್ತಲೇ ನಕ್ಕೆ. "ಹಂಗಾದ್ರ ಭಾಗ್ಯಾನ ಕೈಯಂಗ ಇದನ್ನೂ ಎರಡ ದಿನ ಮನ್ಯಾಗ ಇಟ್ಕೊಂಡ ಕೂಡ್ರಬ್ಯಾಡ್ರಿ. ಇವತ್ತ ಸಂಜಿಕ ನಿಮ್ಮವ್ವನ್ನ ಕರಕೊಂಡ ನಮ್ಮ ಮನಿಗೆ ಬರ್ರಿ."

"ಕೈ ತಿಕ್ಕಿದ್ದಕ್ಕ ಅವ್ವ ನಿಮಗ ಅಂಜತಾಳ್ರಿ."

"ಬೈಯಂಗಿಲ್ಲ ಅಂತ ಹೇಳ್ರಿ," ಎಂದೆ.